ಬುದ್ಧಿಹಲ್ಲು ಬಿಡಿಸಿ ದವಡೆ ಹಲ್ಲಿನ ಜಾಗಕ್ಕೆ ನೆಟ್ಟರು: ಡೆಂಟಲ್ ಕಾಲೇಜಿನಲ್ಲಿ ಮಗಳಿಗಾದ ಚಿಕಿತ್ಸೆ, 14 ತಿಂಗಳ ನಂತರ

ಮಗಳು ಇವತ್ತು ಬಲಗಡೆಯ ಕೆಳದವಡೆಯಲ್ಲಿ ಊಟ ಅಗಿಯುತ್ತಿರುವ ಹಲ್ಲು 14 ತಿಂಗಳ ಹಿಂದೆ ಅದೇ ಸಾಲಿನ ಕಟ್ಟಕಡೆಯಲ್ಲಿ, ವಸಡಿನೊಳಗೆ ಅರ್ಧ ಹುದುಗಿದ್ದ ಬುದ್ಧಿಹಲ್ಲು. ಅದನ್ನು ಅಲ್ಲಿಂದ ಬಿಡಿಸಿ, ಸೀಳಿಹೋಗಿದ್ದ ದವಡೆ ಹಲ್ಲು ಕಿತ್ತ ಗುಂಡಿಯಲ್ಲಿ ನೆಟ್ಟಿದ್ದಾರೆ. ಮಾಡಿದ್ದು ದಾವಣಗೆರೆಯ ಒಂದು ಡೆಂಟಲ್ ಕಾಲೇಜಿನ ಆಸ್ಪತ್ರೆಯಲ್ಲಿ. ಹೆಸರು ಹಾಕುತ್ತಿಲ್ಲ. ಹೊಗಳುವುದರ ಜೊತೆಗೆ ಹೇಳಬೇಕಾದ ದೂರುಗಳೂ ಇವೆ, ಡಾಕ್ಟರುಗಳು ತಮ್ಮ ಹೆಸರು ಬೇಡ ಎಂದೂ ಹೇಳಿದ್ದಾರೆ. ಹೀಗೊಂದು ಚಿಕಿತ್ಸೆ ಇದೆ ಅಂತ ನಮಗೆ ಯಾರೂ ಹೇಳಿರಲಿಲ್ಲ. ಇನ್ನೊಂದು ವಾರ ತಡ ಮಾಡಿದ್ದರೆ ಆ ಬುದ್ಧಿಹಲ್ಲು ಕಸದ ಬುಟ್ಟಿ ಸೇರುತ್ತಿತ್ತು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಾನು ಹರಿಹರದಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಮಗಳು ಡಿಗ್ರಿ ಓದುತ್ತಿದ್ದಾಳೆ. ಅವಳ ಹಲ್ಲು ಹಾಳಾಗಿದ್ದಕ್ಕೆ ಶುರು ಎಲ್ಲಿ ಅಂತ ಈಗ ನನಗೆ ಗೊತ್ತು. ಆರನೇ ವರ್ಷದ ಸುಮಾರಿಗೆ ಮಕ್ಕಳ ಬಾಯಲ್ಲಿ ಹಾಲುಹಲ್ಲುಗಳ ಹಿಂದೆ ಒಂದು ದೊಡ್ಡ ದವಡೆ ಹಲ್ಲು ಬರುತ್ತದೆ. ಅದಕ್ಕೆ ಜಾಗ ಬಿಡಲು ಯಾವ ಹಲ್ಲೂ ಬೀಳುವುದಿಲ್ಲ, ಹಾಗಾಗಿ ಬಂದದ್ದೇ ಗೊತ್ತಾಗುವುದಿಲ್ಲ. ಅದರಲ್ಲಿ ಕಪ್ಪು ಚುಕ್ಕೆ ಕಂಡಾಗ ನಾನು ಹಾಲುಹಲ್ಲು, ಬಿದ್ದು ಬೇರೆ ಬರುತ್ತದೆ ಎಂದುಕೊಂಡು ಸುಮ್ಮನಾದೆ. ಅದು ಬೀಳುವ ಹಲ್ಲಲ್ಲ, ಜೀವನಪೂರ್ತಿ ಇರಬೇಕಾದ ಹಲ್ಲು. 14ನೇ ವಯಸ್ಸಿಗೆ ಮುಖ ಊದಿಕೊಂಡಿತು, ಒಂದು ಕ್ಲಿನಿಕ್ಕಿನಲ್ಲಿ ರೂಟ್ ಕೆನಾಲ್ ಮಾಡಿದರು. ಕ್ಯಾಪ್ ಆಮೇಲೆ ಹಾಕಿಸಿದರಾಯಿತು ಎಂದರು. ಆ ಆಮೇಲೆ ಬರಲೇ ಇಲ್ಲ. ರೂಟ್ ಕೆನಾಲ್ ಆದ ದವಡೆ ಹಲ್ಲನ್ನು ಒಳಗೆಲ್ಲ ಕೊರೆದಿರುತ್ತಾರೆ, ಗೋಡೆ ತೆಳ್ಳಗಾಗಿರುತ್ತದೆ, ಮೇಲೆ ಕ್ಯಾಪ್ ಇಲ್ಲದಿದ್ದರೆ ಅಗಿಯುವ ಭಾರಕ್ಕೆ ಯಾವತ್ತಾದರೂ ಸೀಳುತ್ತದೆ ಅಂತ ಅವತ್ತು ಯಾರಾದರೂ ಒತ್ತಿ ಹೇಳಿದ್ದರೆ ಸಾಲ ಮಾಡಿಯಾದರೂ ಹಾಕಿಸುತ್ತಿದ್ದೆ.

18 ತುಂಬಿ ಎರಡು ತಿಂಗಳಿಗೆ, ಸಂಜೆ ಮಂಡಕ್ಕಿ ತಿನ್ನುವಾಗ ಹುರಿಗಡಲೆ ಸಿಕ್ಕಿ ಹಲ್ಲು ಟಕ್ ಎಂದಿತು. ಪಕ್ಕದಲ್ಲಿ ಮಿಷನ್ ತುಳಿಯುತ್ತಿದ್ದ ನನಗೂ ಆ ಸದ್ದು ಕೇಳಿಸಿತು.

ಮೊದಲು ಹೋದ ಕಡೆ ಎಕ್ಸ್‌ರೇ ತೆಗೆದು, ಸೀಳು ಬೇರಿನವರೆಗೂ ಇಳಿದಿದೆ, ಉಳಿಯಲ್ಲ ಎಂದರು. ಅದು ಸರಿಯಾಗಿಯೇ ಇತ್ತು. ಕಿತ್ತ ಮೇಲೆ ಎರಡು ದಾರಿ ಹೇಳಿದರು. ಒಂದು ಇಂಪ್ಲಾಂಟ್, 32,000 ರೂಪಾಯಿ. ಇನ್ನೊಂದು ಬ್ರಿಡ್ಜ್, ಅಂದರೆ ಪಕ್ಕದ ಹಲ್ಲುಗಳ ಆಸರೆಯ ಮೇಲೆ ಕೂರಿಸುವ ಕೃತಕ ಹಲ್ಲು. ಅದಕ್ಕೆ ಆಚೀಚೆಯ ಎರಡು ಗಟ್ಟಿಮುಟ್ಟಾದ ಹಲ್ಲುಗಳನ್ನು ಅರೆದು ಸಣ್ಣದು ಮಾಡಬೇಕು. "ಹಿಂದೆ ಬುದ್ಧಿಹಲ್ಲು ಬೇರೆ ಬರ್ತಾ ಇದೆ, ಅದರಿಂದ ಏನೂ ಉಪಯೋಗ ಇಲ್ಲ, ಒಂದೇ ಸಲಕ್ಕೆ ಎರಡೂ ತೆಗೆದುಬಿಡೋಣ" ಎಂದು ಗುರುವಾರಕ್ಕೆ ಬರಲು ಹೇಳಿದರು.

ನಾನು ಕಾಲೇಜಿಗೆ ಹೋದದ್ದು ದುಡ್ಡು ಉಳಿಸಲು. ಅಲ್ಲಿ ಕಡಿಮೆಯಲ್ಲಿ ಕೀಳುತ್ತಾರೆ ಎಂದು ಬೀದಿಯವರು ಹೇಳಿದ್ದರು. 50 ರೂಪಾಯಿಯ ಚೀಟಿ ಮಾಡಿಸಿ, ಎರಡೂವರೆ ತಾಸು ಬೆಂಚಿನ ಮೇಲೆ ಕಾದು, ಬಾಯಿ ಪೂರ್ತಿ ಕಾಣುವ ದೊಡ್ಡ ಎಕ್ಸ್‌ರೇ ತೆಗೆಸಿದೆವು. ಪಿಜಿ ಓದುತ್ತಿದ್ದ ಡಾಕ್ಟರ್ ಹುಡುಗಿ ಅದನ್ನು ಬೆಳಕಿಗೆ ಹಿಡಿದು ಸೀಳಿದ ಹಲ್ಲನ್ನು ಒಮ್ಮೆ ನೋಡಿದಳು, ಬುದ್ಧಿಹಲ್ಲನ್ನು ಬಹಳ ಹೊತ್ತು ನೋಡಿದಳು.

"ಆಂಟಿ, ಇದನ್ನ ಕೀಳಿಸ್ಬೇಡಿ. ಇದರ ಬೇರು ಇನ್ನೂ ಪೂರ್ತಿ ಬೆಳೆದಿಲ್ಲ ನೋಡಿ."

ನೋಡಿದೆ. ಬೇರೆಲ್ಲ ಹಲ್ಲುಗಳ ಬೇರು ತುದಿಗೆ ಹೋಗುತ್ತ ಚೂಪಾಗಿ ಮುಚ್ಚಿಕೊಂಡಿದ್ದವು. ಇದರದ್ದು ಮಾತ್ರ ಮಡಿಚಿ ಹೊಲಿಯದ ಬ್ಲೌಸ್ ತೋಳಿನ ತುದಿಯ ಹಾಗೆ ಅಗಲವಾಗಿ ತೆರೆದೇ ಇತ್ತು. ಬೇರು ಅರ್ಧದಿಂದ ಮುಕ್ಕಾಲು ಭಾಗ ಬೆಳೆದಿರುವ ಹಲ್ಲನ್ನು ಬೇರೆ ಜಾಗಕ್ಕೆ ನೆಟ್ಟರೆ, ಆ ತೆರೆದ ತುದಿಯಿಂದ ಹೊಸ ರಕ್ತನಾಳಗಳು ಒಳಗೆ ಹೋಗಿ ಹಲ್ಲು ಜೀವಂತವಾಗಿಯೇ ಉಳಿಯುವ ಸಾಧ್ಯತೆ ಹೆಚ್ಚು. ಬೇರು ಪೂರ್ತಿ ಮುಚ್ಚಿದ ದೊಡ್ಡವರ ಹಲ್ಲನ್ನೂ ನೆಡುತ್ತಾರೆ, ಆದರೆ ಅದಕ್ಕೆ ಎರಡು ವಾರದ ಒಳಗೆ ರೂಟ್ ಕೆನಾಲ್ ಮಾಡಬೇಕಾಗುತ್ತದೆ. ನನ್ನ ಮಗಳು ಸರಿಯಾದ ವಯಸ್ಸಿನಲ್ಲಿ ಬಂದಿದ್ದಾಳೆ ಎಂದಳು ಆ ಹುಡುಗಿ. ನಾಲ್ಕು ವರ್ಷದಿಂದ ಆ ಬಾಯಿಯ ಬಗ್ಗೆ ಒಳ್ಳೆಯ ಮಾತು ಕೇಳಿದ್ದು ಅದೇ ಮೊದಲು.

ಅಲ್ಲಿಂದ ನಮ್ಮನ್ನು ವಿಭಾಗದ ದೊಡ್ಡ ಡಾಕ್ಟರ ಹತ್ತಿರ ಕಳಿಸಿದರು. ಅವರು ಕೊಟ್ಟ 40 ನಿಮಿಷಕ್ಕೆ ನಾನು ಐದಕ್ಕೆ ಐದೂ ಅಂಕ ಕೊಡುತ್ತೇನೆ. ಇಂಪ್ಲಾಂಟ್ ಯಾಕೆ ಈಗ ಬೇಡ ಎಂದು ಮೊದಲು ಹೇಳಿದರು. ಇಂಪ್ಲಾಂಟ್ ಅಂದರೆ ಮೂಳೆಗೆ ನೇರವಾಗಿ ಅಂಟಿಕೊಳ್ಳುವ ಟೈಟೇನಿಯಂ ಸ್ಕ್ರೂ. ದವಡೆ ಇನ್ನೂ ಬೆಳೆಯುತ್ತಿರುವ ವಯಸ್ಸಿನಲ್ಲಿ ಹಾಕಿದರೆ ಅಕ್ಕಪಕ್ಕದ ಹಲ್ಲುಗಳು ಮೂಳೆಯ ಜೊತೆ ಮೇಲಕ್ಕೆ ಬರುತ್ತವೆ, ಸ್ಕ್ರೂ ಇದ್ದಲ್ಲೇ ಇರುತ್ತದೆ, ವರ್ಷ ಕಳೆದಂತೆ ಅದು ಗುಳಿಯಲ್ಲಿ ಇಳಿದ ಹಾಗೆ ಕಾಣುತ್ತದೆ. ನಮ್ಮ ಸ್ವಂತ ಹಲ್ಲು ಮೂಳೆಗೆ ಅಂಟಿರುವುದಿಲ್ಲ. ನಡುವೆ ಸುಮಾರು ಕಾಲು ಮಿಲಿಮೀಟರ್ ದಪ್ಪದ ಒಂದು ಪೊರೆ ಇರುತ್ತದೆ. ಕಲ್ಲು ಕಚ್ಚಿದರೆ ತಕ್ಷಣ ಗೊತ್ತಾಗುವುದು, ಕ್ಲಿಪ್ ಹಾಕಿದರೆ ಹಲ್ಲು ಸರಿಯುವುದು, ಎಲ್ಲ ಆ ಪೊರೆಯಿಂದ. ಹಲ್ಲು ನೆಡುವ ಕೆಲಸದಲ್ಲಿ ಉಳಿಸಿಕೊಳ್ಳಬೇಕಾದದ್ದು ಮುಖ್ಯವಾಗಿ ಅದನ್ನೇ. ಬೇರಿಗೆ ಅಂಟಿಕೊಂಡು ಬರುವ ಆ ಪೊರೆ ಒಣಗಿದರೆ, ಉಜ್ಜಿಹೋದರೆ, ಹಲ್ಲು ಮೂಳೆಗೆ ಅಂಟಿಬಿಡುತ್ತದೆ, ಆಮೇಲೆ ಮೂಳೆ ನಿಧಾನಕ್ಕೆ ಬೇರನ್ನು ತಿಂದುಹಾಕುತ್ತದೆ.

"ಎಷ್ಟು ವರ್ಷ ಬರುತ್ತೆ ಸರ್?" ಎಂದು ಕೇಳಿದೆ. ಹೊಲಿದ ಬಟ್ಟೆಗೆ ಗಿರಾಕಿಗಳು ನನ್ನನ್ನು ಕೇಳುವ ಪ್ರಶ್ನೆಯೂ ಇದೇ.

"ನೋಡಮ್ಮ, ನಾನು ಗ್ಯಾರಂಟಿ ಬರೆದುಕೊಡಲ್ಲ" ಎಂದು ಶುರು ಮಾಡಿದರು. ನಾರ್ವೆ ದೇಶದ ಓಸ್ಲೋದಲ್ಲಿ ಮಕ್ಕಳಿಗೆ ಹೀಗೆ ಹಲ್ಲು ನೆಡುವುದನ್ನು 1960ರ ದಶಕದಿಂದಲೇ ಮಾಡುತ್ತಿದ್ದಾರಂತೆ. ಅಲ್ಲಿ ನೆಟ್ಟ 33 ಹಲ್ಲುಗಳನ್ನು 17ರಿಂದ 41 ವರ್ಷಗಳ ನಂತರ ಮತ್ತೆ ನೋಡಿದ ವರದಿ 2002ರಲ್ಲಿ ಬಂದಿದೆ, ಹತ್ತರಲ್ಲಿ ಒಂಬತ್ತು ಹಲ್ಲು ಬಾಯಲ್ಲೇ ಇದ್ದವು. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ 370 ಹಲ್ಲುಗಳನ್ನು ನೆಟ್ಟು ನೋಡಿದ ಅಧ್ಯಯನ 1990ರಲ್ಲಿ ಪ್ರಕಟವಾಗಿದೆ. ಆದರೆ ಅವೆಲ್ಲ ಹೆಚ್ಚಾಗಿ ದವಡೆ ಹಲ್ಲಿನ ಮುಂದೆ ಇರುವ ಸಣ್ಣ ಹಲ್ಲುಗಳು, ಒಂಟಿ ಬೇರಿನವು, ನೆಡುವುದು ಸುಲಭ. ಬುದ್ಧಿಹಲ್ಲಿನ ಬೇರು ಕವಲು ಕವಲಾಗಿರುತ್ತದೆ, ಆ ಲೆಕ್ಕವನ್ನು ಹಾಗೇ ನಿಮ್ಮ ಮಗಳಿಗೆ ಹಚ್ಚಬೇಡಿ ಎಂದೂ ಅವರೇ ಹೇಳಿದರು. ಹತ್ತು ವರ್ಷ ಬಂದರೂ ಆಗ ಅವಳಿಗೆ 28, ಗುಂಡಿಯ ಮೂಳೆ ಕರಗದೆ ಉಳಿದಿರುತ್ತದೆ, ಇಂಪ್ಲಾಂಟ್ ಬೇಕಾದರೆ ಆಗ ಹಾಕಬಹುದು ಎಂದರು. ಈ ಮಾತು ನನಗೆ ಒಪ್ಪಿಗೆಯಾಯಿತು.

ಮಗಳಿಗೆ ಇನ್ನೊಂದು ಅನುಮಾನ ಇತ್ತು, ಕಿಡ್ನಿ ಕಸಿ ಮಾಡಿದಾಗ ದೇಹ ತಳ್ಳಿಹಾಕುತ್ತದಲ್ಲ, ಇದನ್ನೂ ತಳ್ಳಿದರೆ? ತನ್ನದೇ ಹಲ್ಲು, ದೇಹ ಬೇರೆಯವರದ್ದು ಎಂದುಕೊಳ್ಳುವುದಿಲ್ಲ ಎಂದರು ಡಾಕ್ಟರು. 18ನೇ ಶತಮಾನದ ಲಂಡನ್ನಿನಲ್ಲಿ ಬಡವರ ಹಲ್ಲು ದುಡ್ಡು ಕೊಟ್ಟು ಕೀಳಿಸಿ ಸಿರಿವಂತರ ಬಾಯಲ್ಲಿ ಕೂರಿಸುತ್ತಿದ್ದರಂತೆ. ಜಾನ್ ಹಂಟರ್ ಎಂಬ ಹೆಸರಾಂತ ಶಸ್ತ್ರವೈದ್ಯ ಮನುಷ್ಯರ ಹಲ್ಲನ್ನು ಹುಂಜದ ಜುಟ್ಟಿನಲ್ಲಿ ನೆಟ್ಟು ಪರೀಕ್ಷೆ ಮಾಡಿದ್ದು ಇವತ್ತಿಗೂ ಅಲ್ಲಿನ ಮ್ಯೂಸಿಯಂನಲ್ಲಿದೆ. ಹಾಗೆ ಕೂರಿಸಿದ ಬೇರೆಯವರ ಹಲ್ಲು ಬಾಳುತ್ತಿರಲಿಲ್ಲ, ಜೊತೆಗೆ ರೋಗವೂ ಅಂಟುತ್ತಿತ್ತು. ಹಲ್ಲು ಮಾರಿದ ಆ ಬಡವರ ನೆನಪು ನನಗೆ ಬಸ್ಸಿನಲ್ಲಿ ವಾಪಸ್ ಬರುವಾಗಲೂ ಬಿಡಲಿಲ್ಲ.

ಎರಡನೇ ಸಲ ಹೋದಾಗ ಸಿಬಿಸಿಟಿ ಸ್ಕ್ಯಾನ್ ಮಾಡಿಸಿದರು. ದವಡೆಯನ್ನು ಮೂರೂ ಕಡೆಯಿಂದ ಅಳೆಯುವ ಸ್ಕ್ಯಾನ್ ಅದು. ಆ ಅಳತೆಯ ಮೇಲೆ ಕಂಪ್ಯೂಟರಿನಲ್ಲಿ ಬುದ್ಧಿಹಲ್ಲಿನ ಚಿತ್ರ ಮಾಡಿ, ತ್ರೀಡಿ ಪ್ರಿಂಟರಿನಲ್ಲಿ ಅದರ ತದ್ರೂಪು ತೆಗೆದರು. ಮೂರನೇ ಸಲ ಹೋದಾಗ ಅದನ್ನು ನನ್ನ ಅಂಗೈ ಮೇಲೆ ಇಟ್ಟರು. ತುಸು ಹಳದಿ ಬಣ್ಣದ ರೆಸಿನ್, ಹುಣಸೆಬೀಜಕ್ಕಿಂತ ಒಂದಿಷ್ಟು ದೊಡ್ಡದು. ಮೇಲೆ ನಾಲ್ಕು ಗುಡ್ಡ, ನಡುವೆ ಹಳ್ಳ, ಕೆಳಗೆ ಮೋಟು ಬೇರು ಎರಡು, ಒಂದು ಬೇರು ಹಿಂದಕ್ಕೆ ಸ್ವಲ್ಪ ವಾಲಿದೆ. ಮಗಳ ವಸಡಿನೊಳಗೆ ಯಾರೂ ನೋಡದ ಹಲ್ಲನ್ನು ನಾನು ಬೆರಳಲ್ಲಿ ತಿರುಗಿಸಿ ನೋಡುತ್ತಿದ್ದೆ.

"ಇದು ಯಾಕೆ ಗೊತ್ತಾ ಆಂಟಿ? ಗುಂಡಿಯಲ್ಲಿ ಸರಿಯಾಗಿ ಕೂರುತ್ತಾ ಇಲ್ವಾ ಅಂತ ನಿಜವಾದ ಹಲ್ಲನ್ನೇ ಹಾಕಿ ತೆಗೆದು, ಹಾಕಿ ತೆಗೆದು ಮಾಡಿದ್ರೆ ಪೊರೆ ಹರಿದುಹೋಗುತ್ತೆ. ಮೊದಲು ಇದನ್ನ ಇಟ್ಟು ನೋಡ್ತೀವಿ."

ಅಳತೆ ಬ್ಲೌಸ್! ನನ್ನ ಕಸುಬಿನಲ್ಲಿ ದಿನಾ ಮಾಡುವುದೇ ಇದು. ರೇಷ್ಮೆ ಸೀರೆಯ ಬ್ಲೌಸ್ ಪೀಸಿಗೆ ಕತ್ತರಿ ಹಾಕುವ ಮೊದಲು ಅಳತೆ ಬ್ಲೌಸ್ ಇಟ್ಟು ಗುರುತು ಮಾಡುತ್ತೇವೆ, ಯಾಕೆಂದರೆ ಕತ್ತರಿಸಿದ ರೇಷ್ಮೆಯನ್ನು ಮತ್ತೆ ಕೂಡಿಸಲಾಗದು. ಅವತ್ತಿನಿಂದ ನನಗೆ ಈ ಡಾಕ್ಟರುಗಳ ಕೈ ಮೇಲೆ ನಂಬಿಕೆ ಬಂತು. ಆ ತದ್ರೂಪಿಗೆ 700 ರೂಪಾಯಿ. ಈ ಚಿಕಿತ್ಸೆಗೆ ಹೋಗುವವರು ತದ್ರೂಪು ಮಾಡುತ್ತೀರಾ ಎಂದು ಬಾಯಿಬಿಟ್ಟು ಕೇಳಿ.

ಆಪರೇಷನ್ ದಿನ ಒಪ್ಪಿಗೆ ಪತ್ರಕ್ಕೆ ಮಗಳೇ ಸಹಿ ಹಾಕಿದಳು. ಬಿ.ಡಿ.ಎಸ್. ಮಕ್ಕಳು ಹತ್ತು ಹನ್ನೆರಡು ಮಂದಿ ನೋಡುತ್ತಾರೆ, ಪರವಾಗಿಲ್ಲವಾ ಎಂದು ಅವಳನ್ನೇ ಕೇಳಿದರು. ಪಕ್ಕದ ಕೋಣೆಯಲ್ಲಿ ಆ ಮಕ್ಕಳಿಗಾಗಿ ಹಾಕಿದ್ದ ಟಿವಿಯಲ್ಲಿ ನನಗೂ ನೋಡಲು ಬಿಟ್ಟರು. ಮರಗಟ್ಟಿಸುವ ಇಂಜೆಕ್ಷನ್ ಮಾತ್ರ, ಪೂರ್ತಿ ಎಚ್ಚರ ಇದ್ದಳು. ಸೀಳಿದ ಹಲ್ಲನ್ನು ಎರಡು ತುಂಡು ಮಾಡಿ ತೆಗೆದರು. ಬುದ್ಧಿಹಲ್ಲನ್ನು ಸುತ್ತಲಿಂದ ಮೆಲ್ಲಗೆ ಸಡಿಲ ಮಾಡಿ, ಒಮ್ಮೆ ಎತ್ತಿ ನೋಡಿ, ಮತ್ತೆ ಅದರದ್ದೇ ಗುಂಡಿಯಲ್ಲಿ ಕೂರಿಸಿದರು. ಯಾಕೆ ವಾಪಸ್ ಇಟ್ಟರು ಎಂದು ನಾನು ಗಾಬರಿಯಾದೆ. ಪಕ್ಕದ ಹುಡುಗ, "ಹೊರಗೆ ಇಟ್ಟರೆ ಒಣಗುತ್ತೆ ಆಂಟಿ, ಅದರ ಮನೆಯಲ್ಲೇ ಕಾಯಲಿ ಅಂತ" ಎಂದ. ಆಮೇಲೆ ತದ್ರೂಪನ್ನು ಮುಂದಿನ ಗುಂಡಿಯಲ್ಲಿಟ್ಟು, ಮೂಳೆಯನ್ನು ನೀರು ಬಿಡುತ್ತ ಚೂರು ಚೂರೇ ಕೊರೆದು, ಇಟ್ಟು, ತೆಗೆದು, ಮತ್ತೆ ಕೊರೆದು, ನಾಲ್ಕು ಸಲ ಸರಿಮಾಡಿದರು. ನಾಲ್ಕನೇ ಸಲಕ್ಕೆ ಅದು ಎಲ್ಲೂ ತಾಗದೆ ಕೂತಿತು. ಆಗ ದೊಡ್ಡ ಡಾಕ್ಟರು "ಟೈಮ್" ಎಂದರು. ಸಿಸ್ಟರ್ ಗಡಿಯಾರ ಒತ್ತಿದರು. ಬೇರಿಗೆ ಇಕ್ಕಳ ತಾಗದ ಹಾಗೆ ಹಲ್ಲಿನ ತಲೆಯನ್ನಷ್ಟೇ ಹಿಡಿದು ಎತ್ತಿದರು. ಬೇರಿನ ಮೇಲೆ ಕೆಂಪಗೆ, ಒದ್ದೆಯಾದ ತೆಳು ಬಟ್ಟೆ ಸುತ್ತಿದ ಹಾಗೆ ಆ ಪೊರೆ ಕಂಡಿತು. ತುದಿಯಲ್ಲಿ ನಸುಗೆಂಪು ಮೆತ್ತನೆಯ ಮಾಂಸ. ಸಲೈನಿನಲ್ಲಿ ಒಮ್ಮೆ ತೋಯಿಸಿ ಹೊಸ ಗುಂಡಿಗೆ ಇಳಿಸಿದರು. ಸಿಸ್ಟರ್ "ಎರಡು ನಿಮಿಷ ಹತ್ತು ಸೆಕೆಂಡ್" ಎಂದಾಗ ಟಿವಿ ಕೋಣೆಯ ಮಕ್ಕಳೆಲ್ಲ ಚಪ್ಪಾಳೆ ಹೊಡೆದರು. ಕಾಲು ಗಂಟೆಯೊಳಗೆ ಆಗಬೇಕು ಎಂಬುದು ಅವರ ಲೆಕ್ಕ. ನನಗೆ ಕಣ್ಣು ತುಂಬಿ ಬಂತು.

ಹಲ್ಲಿನ ಮೇಲೆ ಗುಣಾಕಾರದ ಗುರುತಿನ ಹಾಗೆ ದಾರ ಹಾಯಿಸಿ ಹೊಲಿಗೆ ಹಾಕಿದರು. ಜೊತೆಗೆ ತೆಳುವಾದ ತಂತಿಯಿಂದ ಪಕ್ಕದ ಹಲ್ಲಿಗೆ ಆಸರೆ ಕೊಟ್ಟರು. ಬಿಗಿಯಾಗಿ ಕಟ್ಟಲಿಲ್ಲ. ಸ್ವಲ್ಪ ಅಲುಗಾಟ ಇದ್ದರೇ ಪೊರೆ ಚೆನ್ನಾಗಿ ಕೂಡಿಕೊಳ್ಳುತ್ತದಂತೆ, ನಮ್ಮ ಕಚ್ಚಾ ಹೊಲಿಗೆಯ ಹಾಗೆ. ಮೇಲಿನ ಹಲ್ಲು ತಾಗದಂತೆ ತುಸು ಕೆಳಗೇ ಕೂರಿಸಿದ್ದರು, ಅದು ತಿಂಗಳುಗಳಲ್ಲಿ ತಾನೇ ಮೇಲೆ ಬಂತು.

ನೋವು ಎರಡು ದಿನ. ಮೂರನೇ ದಿನ ಕೆನ್ನೆ ಊದಿಕೊಂಡಿತ್ತು, ಐದನೇ ದಿನಕ್ಕೆ ಇಳಿಯಿತು. ರಾಗಿ ಗಂಜಿ, ಮೊಸರನ್ನ, ಹಿಸುಕಿದ ಬಾಳೆಹಣ್ಣು. ಎರಡು ವಾರಕ್ಕೆ ತಂತಿ ಬಿಚ್ಚಿದರು.

ಈಗ ದೂರುಗಳು. ಮನೆಗೆ ಕಳಿಸುವಾಗ ಕೊಟ್ಟ ಸೂಚನೆಯ ಹಾಳೆ ಪೂರ್ತಿ ಇಂಗ್ಲಿಷಿನಲ್ಲಿತ್ತು. ಜಗಳೂರು, ಹರಪನಹಳ್ಳಿ ಕಡೆಯ ಹಳ್ಳಿಗಳಿಂದ ಜನ ಬರುವ ಆಸ್ಪತ್ರೆ ಅದು. ಯಾವತ್ತಿನಿಂದ ಬಾಯಿ ಮುಕ್ಕಳಿಸಬೇಕು, ಯಾವ ಗುಳಿಗೆ ಎಷ್ಟು ದಿನ, ಎಲ್ಲ ಮಗಳೇ ನನಗೆ ಓದಿ ಹೇಳಬೇಕಾಯಿತು, ಅದೂ ಬಾಯಿ ಮರಗಟ್ಟಿದ ಸ್ಥಿತಿಯಲ್ಲಿ. ನಾನು ಅದನ್ನು ಕನ್ನಡದಲ್ಲಿ ಬರೆದು, ಮುಂದಿನ ಸಲ ಹೋದಾಗ ಪಿಜಿ ಡಾಕ್ಟರಿಗೆ ಕೊಟ್ಟು ಬಂದಿದ್ದೇನೆ. ಅಚ್ಚು ಹಾಕಿಸುತ್ತೇವೆ ಎಂದರು, ಇನ್ನೂ ಆಗಿಲ್ಲ. ಎರಡನೆಯದು, ಮೂರು ತಿಂಗಳ ತಪಾಸಣೆಗೆ ಹೋದಾಗ ಆ ಪಿಜಿ ಹುಡುಗಿ ಓದು ಮುಗಿಸಿ ಹೋಗಿದ್ದಳು. ಹೊಸಬರಿಗೆ ನಮ್ಮ ವಿಷಯ ಗೊತ್ತಿಲ್ಲ, ಫೈಲು ಸಿಗಲು ಒಂದೂವರೆ ತಾಸು, ಅಷ್ಟರಲ್ಲಿ ಒಬ್ಬರು ಆ ಹಲ್ಲಿಗೆ ರೂಟ್ ಕೆನಾಲ್ ಶುರು ಮಾಡೋಣ ಎಂದು ಕುರ್ಚಿಯನ್ನೂ ಸಿದ್ಧ ಮಾಡಿದ್ದರು. ನಾನು ತಡೆದು, ದೊಡ್ಡ ಡಾಕ್ಟರನ್ನು ಕರೆಸಿ ಎಂದು ಹಟ ಹಿಡಿದೆ. ಅವರು ಬಂದು ನೋಡಿ, ಬೇಕಿಲ್ಲ ಎಂದರು. ಅವತ್ತು ನಾನು ಜೊತೆಗಿಲ್ಲದಿದ್ದರೆ ಜೀವ ಇರುವ ಹಲ್ಲನ್ನು ಕೊರೆದುಬಿಡುತ್ತಿದ್ದರು. ಇದೊಂದಕ್ಕೆ ನನಗೆ ಇನ್ನೂ ಸಿಟ್ಟಿದೆ. ಕಾಲೇಜು ಆಸ್ಪತ್ರೆಗೆ ಹೋಗುವವರು ಪ್ರತಿ ಹಾಳೆಯ ಫೋಟೋ ಮೊಬೈಲಿನಲ್ಲಿ ಇಟ್ಟುಕೊಳ್ಳಿ.

ಹಲ್ಲು ಮೂಳೆಗೆ ಅಂಟಿಲ್ಲ, ಜೀವಂತವಾಗಿದೆ ಎಂದು ಹೇಗೆ ನೋಡುತ್ತಾರೆ ಎಂಬುದನ್ನು ನಾನು ಕಲಿತುಕೊಂಡಿದ್ದೇನೆ. ಬಾಯಿ ನೋಡುವ ಕನ್ನಡಿಯ ಹಿಡಿಯಿಂದ ಹಲ್ಲಿನ ಮೇಲೆ ತಟ್ಟುತ್ತಾರೆ. ಮೂಳೆಗೆ ಅಂಟಿಕೊಂಡ ಹಲ್ಲು ಸ್ಟೀಲ್ ಲೋಟ ತಟ್ಟಿದ ಹಾಗೆ ಠಣ್ ಎನ್ನುತ್ತದೆ. ಪೊರೆಯ ಮೇಲೆ ನಿಂತ ಹಲ್ಲಿನ ಸದ್ದು ಮೆತ್ತಗೆ ಇರುತ್ತದೆ. ಆರು ತಿಂಗಳ ತಪಾಸಣೆಯಲ್ಲಿ ಮೊದಲು ಪಕ್ಕದ ಹಲ್ಲು ತಟ್ಟಿದರು, ಆಮೇಲೆ ಇದನ್ನು. ಟುಕ್, ಟುಕ್. ಎರಡೂ ಒಂದೇ. ಆಮೇಲೆ ಜೀವ ಇದೆಯಾ ಎಂದು ನೋಡಲು ತಣ್ಣನೆಯ ಸ್ಪ್ರೇ ಹೊಡೆದ ಹತ್ತಿ ಇಟ್ಟರು. ಚಳಿ ಗೊತ್ತಾದರೆ ಕೈ ಎತ್ತು ಎಂದಿದ್ದರು. ಮೂರು ತಿಂಗಳಲ್ಲಿ ಅವಳು ಕೈ ಎತ್ತಿರಲಿಲ್ಲ. ಆರನೇ ತಿಂಗಳಲ್ಲಿ ಹತ್ತಿ ಇಟ್ಟ ತಕ್ಷಣ ಎತ್ತಿದಳು. ವರ್ಷದ ಎಕ್ಸ್‌ರೇಯಲ್ಲಿ ತೆರೆದಿದ್ದ ತೋಳಿನ ತುದಿ ಕಿರಿದಾಗಿದೆ, ಬೇರು ಒಂದಿಷ್ಟು ಉದ್ದವೂ ಆಗಿದೆ, ಸುತ್ತ ಮೂಳೆ ತುಂಬಿದೆ.

ಖರ್ಚು: ಚೀಟಿ, ಎಕ್ಸ್‌ರೇಗಳು, ಸ್ಕ್ಯಾನ್, ತದ್ರೂಪು, ಆಪರೇಷನ್, ಔಷಧಿ ಎಲ್ಲ ಸೇರಿ 8,000 ರೂಪಾಯಿ ಆಸುಪಾಸು. ಅದರಲ್ಲಿ ಆಪರೇಷನ್ನಿಗೆ 4,000, ಸ್ಕ್ಯಾನಿಗೆ 1,800. ಇದಲ್ಲದೆ ಒಟ್ಟು ಹತ್ತು ಸಲ ಹೋಗಿದ್ದೇವೆ, ಹತ್ತು ದಿನದ ಹೊಲಿಗೆ ನಿಂತಿದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಎಲ್ಲರಿಗೂ ಇದು ಆಗುವುದಿಲ್ಲ. ನೆಡಲು ಸರಿಹೊಂದುವ ಹಲ್ಲು ಬಾಯಲ್ಲೇ ಇರಬೇಕು, ಗುಂಡಿಯಲ್ಲಿ ಮೂಳೆ ಇರಬೇಕು, ವಸಡು ಆರೋಗ್ಯವಾಗಿರಬೇಕು. ನನ್ನ ತಮ್ಮ 41 ವರ್ಷದವನು, ಬೀಡಿ ಸೇದುತ್ತಾನೆ, ಸಕ್ಕರೆ ಕಾಯಿಲೆಯೂ ಇದೆ. ಅವನನ್ನೂ ಕರೆದುಕೊಂಡು ಹೋಗಿ ಕೇಳಿದೆ, ಬೇಡ ಎಂದು ನೇರವಾಗಿ ಹೇಳಿ ಕಳಿಸಿದರು. ಆದರೆ ಮನೆಯಲ್ಲಿ 16ರಿಂದ 20ರ ಒಳಗಿನವರಿದ್ದು, ದವಡೆ ಹಲ್ಲು ಉಳಿಯಲ್ಲ ಎಂದು ಯಾರಾದರೂ ಹೇಳಿದರೆ, ಕೀಳಿಸುವ ಮೊದಲು ದೊಡ್ಡ ಎಕ್ಸ್‌ರೇ ತೆಗೆಸಿ, ಬುದ್ಧಿಹಲ್ಲಿನ ಬೇರು ಎಷ್ಟು ಬೆಳೆದಿದೆ ಎಂದು ಕೇಳಿ. ಹಳೇ ಹಲ್ಲು ಕಿತ್ತು ತಿಂಗಳುಗಟ್ಟಲೆ ಬಿಟ್ಟರೆ ಮೂಳೆ ಕರಗಿ ಜಾಗ ಕಿರಿದಾಗುತ್ತದೆ. ಒಂದೇ ದಿನ ಕಿತ್ತು ಒಂದೇ ದಿನ ನೆಡುವುದು ಒಳ್ಳೆಯದು ಎಂದು ಡಾಕ್ಟರೇ ಹೇಳಿದ್ದು.

ವರ್ಷದ ತಪಾಸಣೆಗೆ ಹೋದ ದಿನ ಎಂಟು ವರ್ಷದ ಮಗನನ್ನೂ ಕರೆದುಕೊಂಡು ಹೋಗಿದ್ದೆ. ಅವನ ನಾಲ್ಕೂ ಮೂಲೆಯಲ್ಲಿ ಆರನೇ ವರ್ಷದ ದವಡೆ ಹಲ್ಲು ಬಂದಿವೆ. ಕೆಳಗಿನ ಒಂದರ ಹಳ್ಳದಲ್ಲಿ ಸೂಜಿಮೊನೆಯಷ್ಟು ಕಪ್ಪು ಇತ್ತು. ಅದನ್ನು ಅವತ್ತೇ ಶುಚಿ ಮಾಡಿ ತುಂಬಿ, ಉಳಿದ ಮೂರಕ್ಕೂ ಹಳ್ಳ ಮುಚ್ಚುವ ಸೀಲೆಂಟ್ ಹಾಕಿಸಿಕೊಂಡು ಬಂದೆ.